ತಂತಿ ಎಳೆದವರು ಯಾರು ಅಂತ ಬರೆಯಿರಿ

ನಮಸ್ಕಾರ.

ನಿಮ್ಮ ‘ಬೇಲಿ’ ಕತೆಯನ್ನು ಮೂರು ಸಲ ಓದಿದೆ. ಈ ಸಂಚಿಕೆಗೆ ತಗೊಳ್ಳುತ್ತಿಲ್ಲ. ಆದರೆ ಒಂದು ಸಾಲು ಬರೆದು ವಾಪಸ್ ಕಳಿಸಿಬಿಡುವ ಕತೆ ಇದಲ್ಲ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನನಗೆ ಸಿಕ್ಕ ಕತೆ ಇಷ್ಟು. ಕೊಡಗಿನ ಸಿದ್ದಾಪುರದ ಕಡೆಯ ಇಬ್ಬರು ಗೆಳೆಯರು. ಒಬ್ಬನಿಗೆ ಸ್ವಲ್ಪ ಕಾಫಿ ತೋಟ, ಅದರ ಕೆಳಗೆ ಎರಡು ಎಕರೆ ಗದ್ದೆ. ವರ್ಷ ವರ್ಷವೂ ಆನೆಗಳು ಬಂದು ಗದ್ದೆ ತುಳಿಯುತ್ತವೆ. ಒಂದು ವರ್ಷ ಮನೆಯ ಲೈನಿನಿಂದಲೇ ಬೇಲಿಗೆ ಕರೆಂಟು ಹೋಗುತ್ತದೆ. ಹುತ್ತರಿಯ, ಅಂದರೆ ಸುಗ್ಗಿ ಹಬ್ಬದ, ರಾತ್ರಿ ಒಂದು ಹೆಣ್ಣಾನೆ ಸಾಯುತ್ತದೆ. ಬೆಳಗಾಗುವುದರೊಳಗೆ ಜೆಸಿಬಿ ತರಿಸಿ ಹೂಳುತ್ತಾರೆ. ಕತೆ ಹೇಳುವ ‘ನಾನು’ ಯಾರಿಗೂ ಹೇಳುವುದಿಲ್ಲ. ಆರು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ.

ಹುತ್ತರಿಯಿಂದಲೇ ಶುರು ಮಾಡುತ್ತೇನೆ. ಆ ರಾತ್ರಿ ಮನೆಮಂದಿಯೆಲ್ಲ ಗದ್ದೆಗೆ ಇಳಿಯುತ್ತಾರೆ. ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ, ‘ಪೊಲಿ ಪೊಲಿ ದೇವಾ’ ಅಂತ ಕೂಗುತ್ತಾರೆ. ಮಕ್ಕಳು ಬದುವಿನ ಮೇಲೆ ಓಡಾಡುತ್ತಿರುತ್ತಾರೆ. ಅಂಥ ರಾತ್ರಿ ಬೇಲಿಯಲ್ಲಿ ಕರೆಂಟು ಬಿಟ್ಟಿರುವ ಮನೆ ಎಲ್ಲಾದರೂ ಇದೆಯಾ? ಕೊಡಗಿನ ಓದುಗರು ಅಲ್ಲೇ ಕತೆಯನ್ನು ಕೆಳಗಿಡುತ್ತಾರೆ. ಹಬ್ಬದ ದಿನ ಸಾವು ಬಂದರೆ ಜಾಸ್ತಿ ತಟ್ಟುತ್ತದೆ ಅಂತ ನಿಮಗೆ ಅನ್ನಿಸಿರಬಹುದು. ಅದು ಅಕ್ಟೋಬರಿನ ಯಾವುದೋ ಒಂದು ರಾತ್ರಿ, ಭತ್ತ ಹಾಲು ಕಟ್ಟುವ ಹೊತ್ತಲ್ಲಿ ನಡೆದಿದ್ದರೆ ಹಾಗೇ ಬರೆಯಿರಿ.

ಇನ್ನೊಂದು. ನಾಲ್ಕು ಕಡೆ ‘ಸೋಲಾರ್ ಬೇಲಿ’ ಅಂತ ಬರೆದಿದ್ದೀರಿ. ನೀವು ತೋಟದಲ್ಲೇ ಬೆಳೆದವರು, ಅದು ಹೇಗೆ ಕೆಲಸ ಮಾಡುತ್ತದೆ ಅಂತ ನಿಮಗೆ ಗೊತ್ತು. ಬ್ಯಾಟರಿಗೆ ಜೋಡಿಸಿದ ಆ ಪೆಟ್ಟಿಗೆ ಸೆಕೆಂಡಿಗೆ ಒಂದು ಸಲದಂತೆ ಬಿಟ್ಟು ಬಿಟ್ಟು ಹೊಡೆಯುತ್ತದೆ. ಹೊಡೆತ ಜೋರು, ಆದರೆ ಕ್ಷಣದ್ದು. ಮುಟ್ಟಿದ ಪ್ರಾಣಿಗೆ ಬೆಚ್ಚಿ ಹಿಂದೆ ಸರಿಯುವುದಕ್ಕೆ ಬಿಡುವು ಸಿಗುತ್ತದೆ. ಮನೆಯ ಲೈನಿನ 230 ವೋಲ್ಟಿಗೆ ಆ ಬಿಡುವೇ ಇಲ್ಲ. ಒದ್ದೆ ನೆಲದ ಮೇಲೆ ನಿಂತು ಹಿಡಿದರೆ ಸ್ನಾಯು ಸೆಟೆದು ಕೈ ಬಿಡಿಸಿಕೊಳ್ಳಲೂ ಆಗುವುದಿಲ್ಲ. ಎರಡನೇ ಪುಟದಲ್ಲಿ ನೀವೇ ‘ಮೀಟರ್ ಬೋರ್ಡಿನಿಂದ ವಯರು’ ಅಂದಿದ್ದೀರಿ. ಮೂರನೇ ಪುಟಕ್ಕೆ ಬರುವಾಗ ಅದು ಸೋಲಾರ್ ಯಾಕಾಯಿತು? ಗೆಳೆಯನನ್ನು ಕಾಪಾಡುವುದಕ್ಕೆ ಅಂತ ನನಗೆ ಅನ್ನಿಸುತ್ತದೆ.

ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ. ಗೆಳೆಯನ ಮೇಲಿನ ನಿಷ್ಠೆಯ ಬಗ್ಗೆ ಕತೆ ಬರೆಯಲು ಹೊರಟಿರಿ. ಆ ನಿಷ್ಠೆ ನಿಮ್ಮ ವಾಕ್ಯಗಳ ಒಳಗೇ ಬಂದು ಕೂತುಬಿಟ್ಟಿದೆ. ಈ ಸಾಲು ನೋಡಿ: ‘ಬೇಲಿಗೆ ತಂತಿ ಎಳೆಯಲಾಯಿತು, ಕರೆಂಟು ಹರಿಯಿತು, ಆಗಬಾರದ್ದು ಆಗಿಹೋಯಿತು.’ ಮೂರು ಕೆಲಸ ನಡೆದಿವೆ, ಒಬ್ಬ ಮನುಷ್ಯನೂ ಇಲ್ಲ. ಕನ್ನಡದಲ್ಲಿ ‘ಅವನು’, ‘ನಾನು’ ಬಿಟ್ಟು ಬರೆದರೂ ಮಾಡಿದವರು ಯಾರು ಅಂತ ಗೊತ್ತಾಗುತ್ತದೆ. ‘ಎಳೆದ’ ಅಂದರೆ ಅವನು. ‘ಎಳೆದೆ’ ಅಂದರೆ ನಾನು. ‘ಎಳೆದೆವು’ ಅಂದರೆ ಇಬ್ಬರೂ. ಮಾಡಿದವರನ್ನು ಮುಚ್ಚಿಡಬೇಕು ಅಂದರೆ ಕಷ್ಟಪಟ್ಟು ‘ಲಾಯಿತು’ ಹಚ್ಚಬೇಕು. ನೀವು ಹನ್ನೊಂದು ಕಡೆ ಹಚ್ಚಿದ್ದೀರಿ, ಎಣಿಸಿದೆ. ಒಂದೊಂದಕ್ಕೂ ಈ ಮೂರರಲ್ಲಿ ನಿಜ ಯಾವುದೋ ಅದನ್ನು ಹಾಕಿ ನೋಡಿ. ಕತೆ ಅಲ್ಲೇ ಅರ್ಧ ಬದಲಾಗುತ್ತದೆ.

ಮೂರನೇ ಪುಟದ ಕೊನೆಯಲ್ಲಿ ‘ಟಾರ್ಚ್ ನನ್ನ ಕೈಯಲ್ಲಿತ್ತು’ ಅಂತ ಒಂದು ಸಾಲು. ಓದಿ ಎದೆ ಧಸಕ್ಕೆಂದಿತು. ಆದರೆ ನೀವು ಅಲ್ಲಿ ನಿಲ್ಲಲಿಲ್ಲ. ಮಂಜು, ಮಳೆ, ಕಾಫಿ ಹೂವಿನ ಪರಿಮಳ ಅಂತ ಒಂದೂವರೆ ಪುಟ ಓಡಿಹೋದಿರಿ. (ಕಾಫಿ ಹೂ ಬಿಡುವುದು ಮಾರ್ಚ್, ಏಪ್ರಿಲಿನ ಹೂಮಳೆ ಬಿದ್ದ ಮೇಲೆ. ಹುತ್ತರಿ ಹೊತ್ತಿಗೆ ಗಿಡದಲ್ಲಿರುವುದು ಕಾಯಿ, ಹಣ್ಣು.) ಕತೆ ಇರುವುದು ಆ ಟಾರ್ಚಿನಲ್ಲಿ. ಅವನು ವಯರು ತಿರುಚುವಾಗ ಬೆಳಕು ಎಲ್ಲಿ ಬಿದ್ದಿತ್ತು? ‘ಬೇಡ ಮಾರಾಯ’ ಅಂತ ಬಾಯಿಗೆ ಬಂದದ್ದನ್ನು ನುಂಗಿದಿರಾ? ಬೇಡ ಅಂತ ಅನ್ನಿಸಲೇ ಇಲ್ಲವಾ? ಅನ್ನಿಸದಿದ್ದರೆ ಹಾಗೇ ಬರೆಯಿರಿ. ಅದನ್ನು ಬರೆಯುವುದೇ ಹೆಚ್ಚು ಕಷ್ಟ.

ಇದು ನನಗೆ ಗೊತ್ತಿರುವ ಕಷ್ಟ. ಒಂದು ಮದುವೆ ಮನೆಯಲ್ಲಿ, ಕುಡಿದಿದ್ದ ಗೆಳೆಯ ಜೀಪಿನ ಕೀ ಕೇಳಿದಾಗ ಕೊಟ್ಟವಳು ನಾನು. ಸಂಪಾಜೆ ಘಾಟಿಯ ತಿರುವಿನಲ್ಲಿ ಜೀಪು ಮಗುಚಿತು. ಅವನಿಗೆ ಏನೂ ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ತಮ್ಮನ ಕಾಲು ಹೋಯಿತು. ಅದನ್ನು ಮೂರು ಸಲ ಬರೆದೆ, ಮೂರು ಸಲವೂ ದಟ್ಟ ಮಂಜು ಕವಿದಿತ್ತು ಅಂತ ಬರೆದೆ. ಮಂಜು ಇತ್ತು, ಸುಳ್ಳಲ್ಲ. ‘ಕೀ ಕೊಟ್ಟೆ’ ಅಂತ ಬರೆಯುವುದಕ್ಕೆ ಒಂಬತ್ತು ವರ್ಷ ಹಿಡಿಯಿತು.

ಹಾಗಂತ ಗೆಳೆಯನನ್ನು ರಾಕ್ಷಸ ಮಾಡಬೇಡಿ. ಒಂದು ಹಿಂಡು ಒಂದು ರಾತ್ರಿ ಇಳಿದರೆ ಅವನ ವರ್ಷದ ಅಕ್ಕಿ ಹೋಯಿತು. ಆನೆ ಕಂದಕ, ರೈಲ್ವೆ ಕಂಬಿಯ ಬೇಲಿ ಎಲ್ಲ ಕಡೆ ಇಲ್ಲ, ಇದ್ದ ಕಡೆಯೂ ಆನೆಗಳು ದಾರಿ ಹುಡುಕಿಕೊಳ್ಳುತ್ತವೆ. ಪರಿಹಾರಕ್ಕೆ ಫೋಟೋ, ಪಹಣಿ ಹಿಡಿದು ಅಲೆದವನು ಅವನು. ಸುತ್ತಮುತ್ತ ಎಷ್ಟೋ ಜನ ಗದ್ದೆ ಪಾಳು ಬಿಟ್ಟರು. ಅಪ್ಪ ಮಾಡಿದ ಗದ್ದೆ ಅಂತ ಅವನು ಬಿಡಲಿಲ್ಲ. ಇದಕ್ಕೆಲ್ಲ ನೀವು ಕೊಟ್ಟಿರುವುದು ಎರಡೇ ಸಾಲು. ಅವನ ಕಷ್ಟವನ್ನು ಪೂರ್ತಿ ಬರೆಯಿರಿ. ಅವನು ಮಾಡಿದ್ದನ್ನೂ ಪೂರ್ತಿ ಬರೆಯಿರಿ. ಕೊನೆಯ ನಾಲ್ಕು ಪುಟ ಮಾತ್ರ ತೆಗೆದುಬಿಡಿ. ‘ನಾನು ಪಾಪಿ, ನಾನು ಹೇಡಿ’ ಅನ್ನುವ ಆ ಪುಟಗಳಲ್ಲಿ ಆನೆಯೂ ಇಲ್ಲ, ಗೆಳೆಯನೂ ಇಲ್ಲ.

ಈಗ ಕತೆಗಿಂತ ಮುಖ್ಯವಾದದ್ದು. ಜೊತೆಯ ಪತ್ರದಲ್ಲಿ ‘ಇದರಲ್ಲಿ ಸ್ವಲ್ಪ ನಿಜ, ಗೆಳೆಯನಿಗೆ ಗೊತ್ತಾಗಬಾರದು’ ಅಂದಿದ್ದೀರಿ. ಕತೆಯ ಏಳನೇ ಪುಟದಲ್ಲಿ, ಅವಸರದಲ್ಲಿ ಬಂದಂತೆ, ಹೀಗಿದೆ: ‘ಈ ವರ್ಷವೂ ತೆನೆ ಬಂದಾಗ ಅವನು ತಂತಿ ಎಳೆದ.’ ಇಡೀ ಕತೆಯಲ್ಲಿ ‘ಎಳೆದ’ ಅಂತ ಬರೆದಿರುವುದು ಇಲ್ಲೊಂದೇ ಕಡೆ. ಅದಕ್ಕೇ ಇದು ಕಟ್ಟಿದ ಸಾಲು ಅಂತ ನನಗೆ ಅನ್ನಿಸಲಿಲ್ಲ.

ಆ ಸಾಲು ನಿಜವಾ?

ನಿಜ ಆದರೆ ಕತೆ ಕಾಯಲಿ. ಆ ಗದ್ದೆಯ ಬದಿಯಲ್ಲೇ ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆಯ) ಮಕ್ಕಳು ಶಾಲೆಗೆ ನಡೆದು ಹೋಗುತ್ತಾರೆ ಅಂತ ನೀವೇ ಬರೆದಿದ್ದೀರಿ. ಇವತ್ತೇ ಅವನ ಹತ್ತಿರ ಹೋಗಿ. ನೀವಾಗಿ ಬೇಲಿ ಮುಟ್ಟಬೇಡಿ, ಮೊದಲು ಮನೆಯ ಮೇನ್ ಸ್ವಿಚ್ ಆಫ್ ಮಾಡಿಸಿ. ಅವನು ಒಪ್ಪದಿದ್ದರೆ 1912ಕ್ಕೆ ಫೋನ್ ಮಾಡಿ, ಅದು ವಿದ್ಯುತ್ ದೂರಿನ ನಂಬರು. ಅವನು ಮಾತು ಬಿಡಬಹುದು. ನಿಮ್ಮ ಅಮ್ಮನೂ ಬೈಯಬಹುದು. ಆದರೂ ಮಾಡಿ.

ಹಳೆಯ ಸಾವಿನ ಬಗ್ಗೆ ಒಬ್ಬ ವಕೀಲರನ್ನು ಕಾಣಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಆನೆ ಮೊದಲ ಪಟ್ಟಿಯಲ್ಲಿದೆ, ಕೊಂದರೆ 3ರಿಂದ 7 ವರ್ಷ ಜೈಲು. ಟಾರ್ಚ್ ಹಿಡಿದವರಿಗೆ ಏನು ಅಂತ ಅವರೇ ಹೇಳಬೇಕು. ಹೆಸರು ಬದಲಿಸಿ ಕತೆ ಅಚ್ಚು ಮಾಡಿಸಿದರೆ ಆ ಋಣ ತೀರುವುದಿಲ್ಲ. ಅವನು ಇದನ್ನು ಪತ್ರಿಕೆಯಲ್ಲಿ ಓದಿ ತಿಳಿಯುವುದೂ ಬೇಡ. ಮೊದಲು ನಿಮ್ಮ ಬಾಯಿಂದ ಕೇಳಲಿ.

ಗುರುತು ಹಾಕಿದ ಪ್ರತಿ ನನ್ನ ಹತ್ತಿರ ಇದೆ, ತಿದ್ದಲು ಕೂರುವಾಗ ಕೇಳಿ, ಕಳಿಸುತ್ತೇನೆ. ಏಳನೇ ಪುಟದ ಆ ಸಾಲು ಬರೀ ಕತೆ ಅಂತಾದರೆ ಅದನ್ನಾದರೂ ತಿಳಿಸಿ. ಕತ್ತಲಾಗುವ ಮೊದಲು ಒಂದು ಫೋನ್ ಮಾಡಿ, ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕಿ