ಕೊಂದವನಿಗೂ ಗಲ್ಲು ಬೇಡ ಎಂದು ಕೆಲವು ಕ್ರೈಸ್ತರು ಯಾಕೆ ಹೇಳುತ್ತಾರೆ?

ನೀವು ಕೇಳಿದ್ದು ಇಷ್ಟು: "2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವನ್ನು ಕೊಂದವನು ಅದೇ ದಿನ ಪೊಲೀಸ್ ಗುಂಡಿಗೆ ಸತ್ತ. ಊರೇ ಖುಷಿಪಟ್ಟಿತು. ಇಂಥವರಿಗೂ ಗಲ್ಲು ಬೇಡ, ಹೊಡೆತ ಬೇಡ ಅನ್ನುವ ಚರ್ಚಿನವರಿದ್ದಾರೆ. ಬೈಬಲ್ಲಿನಲ್ಲೇ ಕಣ್ಣಿಗೆ ಕಣ್ಣು ಅಂತ ಇದೆಯಲ್ಲ? ಇವರು ಯಾರ ಪರ? ಕ್ರೈಸ್ತರಲ್ಲದವರು ಈ ಕೆಲಸಕ್ಕೆ ಸೇರಬಹುದಾ?"

ನಾನು ಧಾರವಾಡದವನು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಚರ್ಚಿನವನು. ಆ ಮಗುವಿನ ಸುದ್ದಿ ಕೇಳಿದ ದಿನ ನನಗೂ ಊಟ ಸೇರಲಿಲ್ಲ. ನಿಮ್ಮ ಸಿಟ್ಟು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಮಾತು. ಸತ್ತವನು ಆರೋಪಿ. ಅವನೇ ಕೊಂದ ಎಂದು ಯಾವ ಕೋರ್ಟೂ ಇನ್ನೂ ತೀರ್ಪು ಕೊಟ್ಟಿರಲಿಲ್ಲ. ತಪ್ಪಿಸಿಕೊಳ್ಳಲು ನೋಡಿದ, ಅದಕ್ಕೇ ಗುಂಡು ಹಾರಿಸಿದೆವು ಎಂದರು ಪೊಲೀಸರು. ಆ ಮಗುವಿನ ತಂದೆತಾಯಿಗೆ ಒಂದು ವಿಚಾರಣೆ, ಒಂದು ತೀರ್ಪು ಸಿಗಬೇಕಿತ್ತು. ಅದು ಇನ್ನು ಸಿಗುವುದಿಲ್ಲ.

ಕಣ್ಣಿಗೆ ಕಣ್ಣು ಹಳೆಯ ಒಡಂಬಡಿಕೆಯಲ್ಲಿದೆ (ಬೈಬಲ್ಲಿನಲ್ಲಿ ಯೇಸುವಿಗಿಂತ ಹಿಂದಿನ ಭಾಗ), ನಿಜ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಅದೇ ಮಾತನ್ನು ಎತ್ತಿಕೊಂಡು, ನಾನಾದರೋ ಬೇರೆ ಹೇಳುತ್ತೇನೆ, ಸೇಡು ಬೇಡ ಅನ್ನುತ್ತಾನೆ. ಕಲ್ಲೆಸೆದು ಕೊಲ್ಲಲು ಹೆಂಗಸೊಬ್ಬಳನ್ನು ಎಳೆದು ತಂದಾಗ ಅವಳನ್ನು ಉಳಿಸುತ್ತಾನೆ. ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಯೇಸುವನ್ನು ರಾತ್ರಿ ಹಿಡಿದರು. ಹೊಡೆದರು, ಉಗುಳಿದರು, ಚಾವಟಿಯಲ್ಲಿ ಬಾರಿಸಿದರು. ರೋಮಿನ ಅಧಿಕಾರಿ ಮರಣದಂಡನೆ ಕೊಟ್ಟ. ಹೊರಗೆ ನಿಂತ ಜನ ಶಿಲುಬೆಗೆ ಹಾಕಿಸು ಎಂದು ಕೂಗಿದರು. ಪ್ರತಿ ಶುಭ ಶುಕ್ರವಾರ ನಾವು ಓದುವುದು ಇದನ್ನೇ. ಕಸ್ಟಡಿಯಲ್ಲಿ ಹೊಡೆಸಿಕೊಂಡು, ಸರ್ಕಾರದ ಕೈಯಲ್ಲಿ ಸತ್ತವನನ್ನು ದೇವರು ಎಂದು ಆರಾಧಿಸುವವರು ಲಾಕಪ್ಪಿನ ಏಟಿಗೆ ಹೇಗೆ ಚಪ್ಪಾಳೆ ತಟ್ಟಬೇಕು?

ಹಾಗಂತ ಚರ್ಚಿನ ಕೈ ಶುದ್ಧವಾಗಿಲ್ಲ. 1252ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಅವರೇ ಧರ್ಮವಿರೋಧಿಗಳ ವಿಚಾರಣೆಯಲ್ಲಿ ಚಿತ್ರಹಿಂಸೆಗೆ ಒಪ್ಪಿಗೆ ಕೊಟ್ಟಿದ್ದರು. ವ್ಯಾಟಿಕನ್ನಿನ ಕಾನೂನಿನಲ್ಲಿ ಮರಣದಂಡನೆ 1969ರವರೆಗೂ ಇತ್ತು. ಅದು ಯಾವ ಸಂದರ್ಭದಲ್ಲೂ ಒಪ್ಪಲಾಗದ್ದು ಎಂದು ಕಥೋಲಿಕರ ಧರ್ಮೋಪದೇಶದಲ್ಲಿ (ಚರ್ಚಿನ ಅಧಿಕೃತ ಬೋಧನೆಯ ಪುಸ್ತಕ) ಸೇರಿಸಿದ್ದು ಪೋಪ್ ಫ್ರಾನ್ಸಿಸ್, 2018ರಲ್ಲಿ. ನಮ್ಮ ಸಭೆಯಲ್ಲೂ ಬೈಬಲ್ಲಿನ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೋರಿಸಿ, ಅಧಿಕಾರಿಯ ಕೈಯಲ್ಲಿ ಕತ್ತಿ ಕೊಟ್ಟವನು ದೇವರೇ ಎಂದು ವಾದಿಸುವ ಹಿರಿಯರಿದ್ದಾರೆ. ಅವರೂ ನಮ್ಮವರೇ.

ಸಂಘಟಿತವಾಗಿ ಈ ಕೆಲಸ ಶುರುಮಾಡಿದವರಲ್ಲಿ ಇಬ್ಬರು ಹೆಂಗಸರನ್ನು ನಾನು ತುಂಬಾ ಗೌರವಿಸುತ್ತೇನೆ. ಹೆಲೆನ್ ಎಂಗೆಲ್ ಮತ್ತು ಎಡಿತ್ ದ್ಯು ತೆರ್ತ್ರ್, ಫ್ರಾನ್ಸಿನ ಪ್ರೊಟೆಸ್ಟಂಟರು. ವಿಯೆಟ್ನಾಮಿನ ಚಿತ್ರಹಿಂಸೆಯ ಬಗ್ಗೆ ಇಟಲಿಯ ಸಭಾಪಾಲಕ (ಪಾದ್ರಿ) ತುಲ್ಲಿಯೋ ವಿನಾಯ್ ಮಾಡಿದ ಭಾಷಣ ಕೇಳಿ, 1974ರಲ್ಲಿ ಚಿತ್ರಹಿಂಸೆ ಕೊನೆಗಾಣಿಸಲು ಕ್ರೈಸ್ತರ 'ಅಕಾಟ್' ಎಂಬ ಸಂಘ ಕಟ್ಟಿದರು. ಕಥೋಲಿಕರು, ಪ್ರೊಟೆಸ್ಟಂಟರು, ಆರ್ಥೊಡಾಕ್ಸರು ಎಲ್ಲರೂ ಅದಕ್ಕೆ ಸೇರಿದರು. ಕೆಲಸ ಸರಳ. ಯಾವುದೋ ದೇಶದ ಒಬ್ಬ ಕೈದಿಯ ಹೆಸರು ಹಿಡಿದು ಆ ಸರ್ಕಾರಕ್ಕೆ ಪತ್ರ ಬರೆಯುವುದು, ಅವನಿಗಾಗಿ ಪ್ರಾರ್ಥಿಸುವುದು. ಜೂನ್ 26 ಚಿತ್ರಹಿಂಸೆಗೆ ಒಳಗಾದವರ ದಿನ. ಅದರ ಆಸುಪಾಸಿನಲ್ಲಿ ಅವರು ರಾತ್ರಿ ಜಾಗರಣೆ ಮಾಡುತ್ತಾರೆ. ನಾವೂ ಕೆಲವರು ಆ ದಿನ ಸೇರಿ ಪ್ರಾರ್ಥನೆ ಮಾಡುತ್ತೇವೆ. ಜಾಸ್ತಿ ಜನ ಬರುವುದಿಲ್ಲ.

ಎಲ್ಲರೂ ಗಲ್ಲಿನ ಬಗ್ಗೆಯೇ ಕೇಳುತ್ತಾರೆ. ನಮ್ಮ ಭಾಗದಲ್ಲಿ ಗಲ್ಲಿಗೇರಿಸುವ ವ್ಯವಸ್ಥೆ ಇರುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಅಲ್ಲಿ ಯಾರನ್ನೂ ಗಲ್ಲಿಗೇರಿಸದೆ ದಶಕಗಳೇ ಕಳೆದಿವೆ. ಬಳ್ಳಾರಿ ಜಿಲ್ಲೆಯ ಒಂದು ಪ್ರಕರಣದಲ್ಲಿ ಹೈಕೋರ್ಟಿನ ಧಾರವಾಡ ಪೀಠ 2023ರಲ್ಲಿ ಗಲ್ಲು ಶಿಕ್ಷೆ ಎತ್ತಿಹಿಡಿಯಿತು. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಾಯುವವರೆಗೆ ಜೈಲು ಎಂದು ಬದಲಾಯಿಸಿತು. ಗಲ್ಲು ಅಪರೂಪ. ಲಾಕಪ್ಪಿನ ಏಟು ಅಪರೂಪ ಅಲ್ಲ. ನನಗೆ ಗೊತ್ತಿರುವ ಗದಗ ಕಡೆಯ ಒಬ್ಬ ಹುಡುಗನನ್ನು ಕಳ್ಳತನದ ಅನುಮಾನದ ಮೇಲೆ ಕರೆದುಕೊಂಡು ಹೋಗಿದ್ದರು. ವಾಪಸ್ ಬಂದಾಗ ಅಂಗಾಲು ಊದಿ ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಕದ್ದವನು ಬೇರೆ ಯಾರೋ. ದೂರು ಕೊಡೋಣ ಅಂದರೆ ಅವನ ತಾಯಿ, "ಪೊಲೀಸ್ರು ಹೊಡೀದೆ ಬಿಡ್ತಾರೇನ್ರೀ?" ಅಂದರು. ಆ ಮಾತು ನನಗೆ ಅವನ ಅಂಗಾಲಿಗಿಂತ ಜಾಸ್ತಿ ನೋವು ಕೊಟ್ಟಿತು. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ. ಅನುಮೋದನೆ ಇನ್ನೂ ಆಗಿಲ್ಲ. 2010ರಲ್ಲಿ ಚಿತ್ರಹಿಂಸೆ ತಡೆಯುವ ಒಂದು ಮಸೂದೆ ಲೋಕಸಭೆಯಲ್ಲಿ ಪಾಸಾಯಿತು, ಕಾನೂನಾಗಲಿಲ್ಲ. 2017ರಲ್ಲಿ ಕಾನೂನು ಆಯೋಗ ಇಂಥ ಕಾನೂನು ಬೇಕು ಎಂದು ಶಿಫಾರಸು ಮಾಡಿತು.

ಇನ್ನು, ಯಾರ ಪರ ಅಂದಿರಲ್ಲ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟು ಕೊಂದರು. ಅವರ ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆ ಎಂದರು, ಶಿಕ್ಷೆಯ ವಿಚಾರವನ್ನು ಕಾನೂನಿಗೆ ಬಿಟ್ಟರು. ಮಧ್ಯಪ್ರದೇಶದಲ್ಲಿ 1995ರಲ್ಲಿ ಕೊಲೆಯಾದ ಸಿಸ್ಟರ್ ರಾಣಿ ಮರಿಯಾ ಅವರ ತಂಗಿ ಜೈಲಿಗೇ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. ಇಂಥ ಕ್ಷಮೆಯನ್ನು ಬೇರೆ ಯಾವ ತಾಯಿಯಿಂದಲೂ ಕೇಳುವ ಹಕ್ಕು ನನಗಿಲ್ಲ. ಆದರೆ ಕೊಲೆಯಾದವರ ಮನೆಯವರೆಲ್ಲ ಗಲ್ಲನ್ನೇ ಬಯಸುತ್ತಾರೆ ಅನ್ನುವುದೂ ನಿಜ ಅಲ್ಲ.

ಸೇರಲು ಕ್ರೈಸ್ತರೇ ಆಗಬೇಕಿಲ್ಲ. ಪ್ರಾರ್ಥನೆ ಬೇಡವಾದರೆ ಬಿಡಿ, ಮಾಡುವ ಕೆಲಸ ಬೇಕಾದಷ್ಟಿದೆ. ನಿಮ್ಮ ಓಣಿಯಲ್ಲಿ ಯಾರನ್ನಾದರೂ ಹಿಡಿದುಕೊಂಡು ಹೋದರೆ, ಮನೆಯವರಿಗೆ ಮೂರು ವಿಷಯ ತಿಳಿಸಿ. ಬಂಧಿಸಿದ್ದನ್ನು ಪೊಲೀಸರು ಮನೆಯವರಿಗೆ ಹೇಳಲೇಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ಹೊಡೆದಿದ್ದರೆ ಅಲ್ಲೇ ಬಾಯಿಬಿಟ್ಟು ಹೇಳಬೇಕು. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಅದರ ಕಚೇರಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಒಬ್ಬರೇ ಹೋಗಲು ಹೆದರುವವರ ಜೊತೆ ಹೋಗಿ.