'ರಿಯೋ ಲೋಬೋ' ನೋಡಬಹುದಾ ಅಂತ ಕೇಳಿದವರಿಗೆ

ಸರ್, ಹಾಲಿವುಡ್‌ನ ಕೌಬಾಯ್ ಸಿನಿಮಾ 'ರಿಯೋ ಬ್ರಾವೋ' ಅಷ್ಟು ಹಿಡಿಸಿದ ಮೇಲೆ ಅದೇ ನಿರ್ದೇಶಕ ಹೊವಾರ್ಡ್ ಹಾಕ್ಸ್, ಅದೇ ನಟ ಜಾನ್ ವೇಯ್ನ್ ಜೋಡಿಯ 'ರಿಯೋ ಲೋಬೋ' ತಕ್ಷಣ ಹಾಕಿಕೊಳ್ಳಲಾ ಅಂತ ಕೇಳಿದ್ದೀರಿ. ತಕ್ಷಣ ಬೇಡ. ಮೊದಲು ಇವರಿಬ್ಬರದೇ 'ಎಲ್ ಡೊರಾಡೋ' ನೋಡಿ, ಒಂದಷ್ಟು ದಿನ ಬಿಟ್ಟು ಇದಕ್ಕೆ ಬನ್ನಿ. ಮೂರಕ್ಕೂ ಚಿತ್ರಕಥೆಯಲ್ಲಿ ಲೀ ಬ್ರಾಕೆಟ್ ಕೈ ಇದೆ. ಮೂರರಲ್ಲೂ ಜೈಲು, ಒಳಗೊಬ್ಬ ಕೈದಿ, ಹೊರಗೆ ಗೂಂಡಾಗಳು, ಆಮೇಲೆ ಒತ್ತೆಯಾಳುಗಳ ಅದಲುಬದಲು. ಅರಿಜೋನಾದ ಓಲ್ಡ್ ಟೂಸಾನ್ ಸೆಟ್ ಕೂಡ ಅದೇ. ಸಾಲಾಗಿ ನೋಡಿದರೆ ನಿನ್ನೆ ಸಾರನ್ನೇ ಬಿಸಿ ಮಾಡಿ ಬಡಿಸಿದ ಹಾಗಿರುತ್ತದೆ.

1970ರ ಈ ಸಿನಿಮಾ ಹಾಕ್ಸ್ ಮಾಡಿದ ಕೊನೆಯದು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಆದರೆ ವಯಸ್ಸಾಯ್ತು, ಕೈ ಹೋಯ್ತು ಅಂತ ಸುಮ್ನೆ ಹೇಳೋಕಾಗಲ್ಲ. ಶುರುವಿನ ರೈಲು ದರೋಡೆ ನೋಡಿ. ಅಮೆರಿಕದ ಅಂತರ್ಯುದ್ಧದ ಕಾಲ, ಯೂನಿಯನ್ ಅಂದರೆ ಉತ್ತರದವರ ಸೇನೆಯ ಚಿನ್ನ ಹೊತ್ತ ರೈಲು. ಎದುರು ಪಾಳೆಯದ ದಕ್ಷಿಣದವರು ಏರಿನಲ್ಲಿ ಹಳಿಗೆ ಗ್ರೀಸ್ ಬಳಿದಿದ್ದಾರೆ, ಎಂಜಿನ್ ಚಕ್ರ ಸುಮ್ಮನೆ ಜಾರುತ್ತದೆ. ಕಾವಲಿನವರಿರುವ ಡಬ್ಬಿಯೊಳಗೆ ಕಣಜದ ಗೂಡು ಎಸೆಯುತ್ತಾರೆ! ಡಬ್ಬಿ ಕಳಚಿಕೊಂಡು ಇಳಿಜಾರಲ್ಲಿ ಹಿಂದಕ್ಕೆ ಓಡುತ್ತದೆ. ಅದನ್ನು ತಡೆಯೋಕೆ ಹಳಿಗೆ ಅಡ್ಡಲಾಗಿ ಮರದಿಂದ ಮರಕ್ಕೆ ಹಗ್ಗ. ಇಂಥ ದೃಶ್ಯಗಳನ್ನು ಬೇರೆಯಾಗಿ ಚಿತ್ರೀಕರಿಸುವ ಎರಡನೇ ಯೂನಿಟ್ಟಿನ ನಿರ್ದೇಶಕ ಯಾಕಿಮಾ ಕನಟ್, ಸಾಹಸ ದೃಶ್ಯಗಳಲ್ಲಿ ಪಳಗಿದ ಕೈ. ಇದಕ್ಕಾಗಿಯಾದರೂ ಸಿನಿಮಾ ನೋಡಲೇಬೇಕು.

ಎಡವಟ್ಟಾಗುವುದು ಆಮೇಲೆ. ಯುದ್ಧ ಮುಗಿದಿದೆ, ರೈಲಿನ ಸುದ್ದಿ ಮಾರಿದ ದ್ರೋಹಿಯನ್ನು ವೇಯ್ನ್ ಹುಡುಕುತ್ತಾ ಹೋಗುತ್ತಾರೆ. ಜೊತೆಗೆ ಯಾರು? ಮೆಕ್ಸಿಕೋದ ನಟ ಹೋರ್ಹೆ ರಿವೇರೋ, ನೋಡೋಕೆ ಚೆನ್ನ, ಮಾತು ಮಾತ್ರ ಪಾಠ ಒಪ್ಪಿಸಿದ ಹಾಗೆ. 'ಎಲ್ ಡೊರಾಡೋ'ದಲ್ಲಿ ರಾಬರ್ಟ್ ಮಿಚಮ್ ಇದ್ದರು, ಇಲ್ಲಿ ಅವರ ಮಗ ಕ್ರಿಸ್ ಇದ್ದಾರೆ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

'ರಿಯೋ ಬ್ರಾವೋ'ದಲ್ಲಿ ಕುಡುಕನ ಪಾತ್ರದ ಡೀನ್ ಮಾರ್ಟಿನ್, ಕೈ ನಡುಕ ನಿಂತು, ಗ್ಲಾಸಿನ ವಿಸ್ಕಿಯನ್ನು ವಾಪಸ್ ಬಾಟಲಿಗೆ ಸುರಿಯುವ ಜಾಗ ನೆನಪಿದೆ ತಾನೆ? ಒಂದು ಹನಿ ಚೆಲ್ಲುವುದಿಲ್ಲ. ಅವನು ಮತ್ತೆ ಕುಡಿದುಬಿಟ್ಟರೆ ಅನ್ನೋ ದಿಗಿಲು ವೇಯ್ನ್‌ಗೂ ಇತ್ತು, ನಮಗೂ ಇತ್ತು. ಗುಂಡಿನ ಕಾಳಗಕ್ಕೆ ತೂಕ ಬಂದಿದ್ದೇ ಅದರಿಂದ. 'ರಿಯೋ ಲೋಬೋ'ದಲ್ಲಿ ಹಾಗೆ ದಿಗಿಲುಪಡುವುದಕ್ಕೆ ಒಬ್ಬರೂ ಇಲ್ಲ. ವೇಯ್ನ್‌ಗೆ ಎದುರಾಗಿ ನಿಲ್ಲುವ ಖಳನೂ ಇಲ್ಲ. ಗುಂಡು ಹಾರುತ್ತೆ, ಜನ ಬೀಳ್ತಾರೆ, ನಾವು ಗಡಿಯಾರ ನೋಡ್ತೀವಿ.

ಅರ್ಧ ದಾಟಿದ ಮೇಲೆ ಜಾಕ್ ಈಲಮ್ ಬರುತ್ತಾರೆ. ಬಂದೂಕು ಹಿಡಿದ ಅರೆಹುಚ್ಚು ಮುದುಕ. ಆ ಕಣ್ಣು, ಆ ಗೊಣಗಾಟ ನೋಡಿದರೆ ಸಿನಿಮಾಗೆ ಮತ್ತೆ ಜೀವ ಬಂತು ಅನಿಸುತ್ತದೆ. ಬೇಸರವಾದರೂ ಅಲ್ಲಿವರೆಗೆ ಎದ್ದು ಹೋಗಬೇಡಿ. ಮುಖಕ್ಕೆ ಗಾಯವಾಗುವ ಅಮೆಲಿಟಾ ಪಾತ್ರ ಮಾಡಿದ ಶೆರ್ರಿ ಲ್ಯಾನ್ಸಿಂಗ್ ಅವರನ್ನೂ ಗಮನಿಸಿ. ನಟನೆ ಬಿಟ್ಟು 1980ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋದ ನಿರ್ಮಾಣ ವಿಭಾಗದ ಮುಖ್ಯಸ್ಥೆಯಾದವರು, ಆಮೇಲೆ ಪ್ಯಾರಮೌಂಟ್ ನಡೆಸಿದವರು.

ಹಾಕ್ಸ್–ವೇಯ್ನ್ ಜೋಡಿಯದ್ದೇ ಇನ್ನೊಂದು ಬೇಕು ಅಂದರೆ 1948ರ 'ರೆಡ್ ರಿವರ್' ಹಾಕಿ. ಟೆಕ್ಸಾಸಿನಿಂದ ಕನ್ಸಾಸಿಗೆ ದನ ಹೊಡೆದುಕೊಂಡು ಹೋಗುವ ಕಥೆ, ವೇಯ್ನ್‌ಗೆ ಎದುರು ಮಾಂಟ್‌ಗೊಮರಿ ಕ್ಲಿಫ್ಟ್. ಆ ದನದ ಹಿಂಡು ಬೆದರಿ ಓಡುವ ದೃಶ್ಯವನ್ನು ಮಾತ್ರ ಫೋನಿನಲ್ಲಿ ನೋಡಬೇಡಿ, ಟಿವಿಗೇ ಹಾಕಿ.