ಸರಿಯಾಗಿ ಕೂತ ಹಲ್ಲು ವಾಪಸ್ ಬರಲ್ಲ

ಮಂಜುನಾಥ ಅಂತ ಕರೆಯೋಣ. ಹೆಸರು, ಊರು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ವಯಸ್ಸು 25. ಹಲ್ಲಿನ ಕ್ಯಾಪ್, ಸೆಟ್ ಮಾಡಿಕೊಡುವ ಬೆಂಗಳೂರಿನ ಒಂದು ಡೆಂಟಲ್ ಲ್ಯಾಬಿನಲ್ಲಿ ಮೂರು ವರ್ಷದಿಂದ ಟೆಕ್ನಿಷಿಯನ್. ಹದಿನೈದು ದಿನ ರಜೆ ಹಾಕಿ ಊರಿಗೆ ಬಂದಿದ್ದರು. ನಾನು ಕೌನ್ಸೆಲರ್. ಅಕ್ಕ ನನ್ನ ಹತ್ತಿರ ಕರೆದುಕೊಂಡು ಬಂದರು. "ರಾತ್ರಿಯೆಲ್ಲ ಎದ್ದು ಕೂತಿರ್ತಾನೆ ಮೇಡಂ. ಮಾತಾಡಿಸಿದ್ರೆ ಸಿಡುಕ್ತಾನೆ. ಕೆಲಸ ಬಿಡ್ತೀನಿ ಅಂತಾನೆ."

ಮೊದಲ ದಿನ ನಾನು ಎಡವಿದೆ. ಸಿಟ್ಟು ಅಂದರಲ್ಲ, ಅದನ್ನೇ ಹಿಡಿದುಕೊಂಡೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಮಲಗುವ ಮುಂಚೆ ಮೊಬೈಲ್ ಬೇಡ ಅಂದೆ. ಅವರು ಮರ್ಯಾದೆಗೆ ಎಲ್ಲದಕ್ಕೂ ತಲೆಯಾಡಿಸಿದರು. ಅವರ ಬೆರಳ ತುದಿಗಳು ಸಿಪ್ಪೆ ಎದ್ದು ಬಿರುಕು ಬಿಟ್ಟಿದ್ದವು. ನೋಡಿದೆ, ಆದರೆ ಕೇಳಲಿಲ್ಲ.

ಎರಡನೇ ಸಲ ಬಂದಾಗ ಅಂಗಿ ಜೇಬಿನಿಂದ ಟಿಶ್ಯೂ ಪೇಪರಿನ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಂದು ದವಡೆ ಹಲ್ಲಿನ ಕ್ಯಾಪ್. ಬೇಯಿಸಿದ ಕಡಲೆಕಾಳಿನಷ್ಟಿತ್ತು. ಮೇಲಿನ ಗುಂಡಿ ಗೆರೆಗಳೆಲ್ಲ ನಿಜವಾದ ಹಲ್ಲಿನ ಹಾಗೆಯೇ. ನನಗೆ ಚೆನ್ನಾಗಿಯೇ ಕಂಡಿತು. ಅವರು ಅದನ್ನು ಬೋರಲು ಹಾಕಿ, ಅಂಚಿನ ಮೇಲೆ ಉಗುರು ಓಡಿಸಿ ತೋರಿಸಿದರು. "ಇದು ಮಾರ್ಜಿನ್. ಇಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಒಳಗಿನ ಹಲ್ಲು ಹುಳುಕಾಗುತ್ತೆ. ಇದು ಮೂರು ಸಲ ವಾಪಸ್ ಬಂತು. ಮೂರನೇ ಸಲ ಓನರ್ ಎಲ್ಲರ ಮುಂದೆ ನನ್ನ ಬೆಂಚಿನ ಮೇಲೆ ಎಸೆದ್ರು."

ಯಾಕೆ ವಾಪಸ್ ಬಂತು ಅಂತ ಕೇಳಿದೆ. ಆಗ ಮನುಷ್ಯ ಬಾಯಿ ಬಿಟ್ಟರು. ಕ್ಲಿನಿಕ್ಕಿನಿಂದ ಬಂದ ಅಳತೆಯಲ್ಲಿಯೇ, ಅಂದರೆ ಹಲ್ಲಿನ ಮೇಲೆ ಮೆತ್ತನೆಯ ಮೆಟೀರಿಯಲ್ ಒತ್ತಿ ತೆಗೆದ ಪಡಿಯಚ್ಚಿನಲ್ಲಿಯೇ, ಅಂಚು ಸರಿಯಾಗಿ ಮೂಡಿರಲಿಲ್ಲ. ಒಸಡಿನಿಂದ ರಕ್ತ ಬಂದಿರಬೇಕು, ಆ ಜಾಗದಲ್ಲಿ ಮೆಟೀರಿಯಲ್ ಎಳೆದುಕೊಂಡಂತೆ ಇತ್ತು. ಹೊಸ ಅಳತೆ ಕೇಳಿದರೆ ಡಾಕ್ಟರಿಗೆ ಬೇಜಾರು, ಪೇಷೆಂಟನ್ನು ಮತ್ತೆ ಕರೆಸಬೇಕು. ಹಾಗಾಗಿ ಅಂದಾಜಿನ ಮೇಲೆ ಮಾಡು ಅಂತ ಓನರ್ ಹೇಳಿದರು. "ಕೂತರೆ ಡಾಕ್ಟರ ಪುಣ್ಯ, ಕೂರದಿದ್ರೆ ನನ್ನ ಕರ್ಮ."

ಡಾಕ್ಟರು ಅಳತೆ ತೆಗೆದು ಕಳಿಸಿದ ಮೇಲೆ ಲ್ಯಾಬಿನಲ್ಲಿ ಏನಾಗುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ನೀವೂ ಯೋಚಿಸಿರಲ್ಲ ಬಿಡಿ. ಅಳತೆಯೊಳಗೆ ಡೆಂಟಲ್ ಸ್ಟೋನ್ ಅನ್ನುವ ಗಟ್ಟಿ ಪ್ಲಾಸ್ಟರ್ ಹಾಕಿ ಬಾಯಿಯ ಅಚ್ಚು ತೆಗೆಯುತ್ತಾರೆ. ನೀರಿನಲ್ಲಿ ಕಲಸುವ ಆಲ್ಜಿನೇಟ್ ಪುಡಿಯ ಅಳತೆಯಾದರೆ ಬೇಗ ಹಾಕಬೇಕು, ನೀರು ಆರಿದಂತೆ ಅದು ಕುಗ್ಗುತ್ತದೆ. ಡೆಲಿವರಿ ಹುಡುಗ ಬಿಸಿಲಲ್ಲಿ ನಾಲ್ಕು ಕ್ಲಿನಿಕ್ ಸುತ್ತಿ ಬರುವಷ್ಟರಲ್ಲಿ ಅಳತೆಯೇ ತಪ್ಪಾಗಿರುತ್ತದೆ. ಲೋಹದ ಕ್ಯಾಪ್ ಆದರೆ ಮೊದಲು ಮೇಣದಲ್ಲಿ ಮಾಡಿ, ಅದನ್ನು ಅಚ್ಚಿನೊಳಗೆ ಕರಗಿಸಿ ಓಡಿಸಿ, ಆ ಖಾಲಿ ಜಾಗಕ್ಕೆ ಕಾದ ಲೋಹ ಹರಿಸುವುದು. ನಮ್ಮ ಅಕ್ಕಸಾಲಿಗರು ಒಡವೆ ಎರಕ ಹೊಯ್ಯುವ ಕ್ರಮವೇ. ಜಿರ್ಕೋನಿಯಾ ಅನ್ನುವ ಬಿಳಿ ಪಿಂಗಾಣಿಯಂಥದ್ದಾದರೆ ಕಂಪ್ಯೂಟರಿನಲ್ಲಿ ಡಿಸೈನ್. ಯಂತ್ರ ಅದನ್ನು ಬೇಕಾದ ಅಳತೆಗಿಂತ ದೊಡ್ಡದಾಗಿಯೇ ಕೊರೆಯುತ್ತದೆ. ಆಗ ಅದು ಸೀಮೆಸುಣ್ಣದ ಹಾಗೆ ಪುಡಿಪುಡಿ. ಸುಮಾರು 1,500 ಡಿಗ್ರಿಯ ಕುಲುಮೆಯಲ್ಲಿ ಬೆಂದ ಮೇಲೆ ಐದರಲ್ಲಿ ಒಂದು ಪಾಲು ಕುಗ್ಗಿ, ಕಲ್ಲಿಗಿಂತ ಗಟ್ಟಿಯಾಗಿ ಸರಿ ಅಳತೆಗೆ ಬರುತ್ತದೆ. ಇದನ್ನು ಹೇಳುವಾಗ ಮಂಜುನಾಥರ ಮುಖ ನೋಡಬೇಕಿತ್ತು. ಸಿಡುಕು ಎಲ್ಲಿಗೆ ಹೋಯಿತೋ! ಡಿಪ್ಲೊಮಾದ ಮೊದಲ ವರ್ಷ ಮೇಣದ ತುಂಡಿನಲ್ಲಿ ಒಂದೊಂದೇ ಹಲ್ಲು ಕೆತ್ತಿಸುತ್ತಾರಂತೆ. ಇವರ ದವಡೆ ಹಲ್ಲನ್ನು ಮೇಷ್ಟ್ರು ಗಾಜಿನ ಬೀರುವಿನಲ್ಲಿ ಇಟ್ಟಿದ್ದರಂತೆ.

ಕೆಲಸ ಇಷ್ಟವಿಲ್ಲದವರ ಮಾತಲ್ಲ ಇದು, ಅಲ್ವಾ?

ಸರಿ, ತೊಂದರೆ ಎಲ್ಲಿದೆ? ತಿಂಗಳಿಗೆ ಎಷ್ಟು ಕ್ಯಾಪ್ ಮಾಡ್ತೀರಿ ಅಂತ ಕೇಳಿದೆ. ನೂರೈವತ್ತರ ಹತ್ತಿರ ಅಂದರು. ವಾಪಸ್ ಬರೋದು ಎಷ್ಟು? "ತುಂಬಾ." ತುಂಬಾ ಅಂದರೆ? ಬೆರಳು ಮಡಚಿ ಎಣಿಸಿದರು. ಏಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಲ್ಲು ಸರಿಯಾಗಿ ಕೂತರೆ ಯಾರೂ ಲ್ಯಾಬಿಗೆ ಫೋನ್ ಮಾಡಿ ಹೇಳೋದಿಲ್ಲ. ಆ ಪೇಷೆಂಟ್ ಯಾರು, ನಕ್ಕರೆ ಹೇಗೆ ಕಾಣ್ತಾರೆ, ಇವರಿಗೆ ಗೊತ್ತಾಗೋದೇ ಇಲ್ಲ. ಬೆಂಚಿಗೆ ತಿರುಗಿ ಬರೋದು ಕೆಟ್ಟಿದ್ದು ಮಾತ್ರ. ಮೂರು ವರ್ಷ ಬರೀ ಕೆಟ್ಟ ಸುದ್ದಿ ಕೇಳಿದ ಮನುಷ್ಯ ರಾತ್ರಿ ಎರಡಕ್ಕೆ ಎದ್ದು ನಾಳೆ ಕಳಿಸಬೇಕಾದ ಕ್ಯಾಪಿನ ಅಂಚು ನೆನೆಯೋದರಲ್ಲಿ ನನಗೇನೂ ಆಶ್ಚರ್ಯ ಕಾಣಲಿಲ್ಲ. ಖಿನ್ನತೆ, ಜೀವ ತೆಗೆದುಕೊಳ್ಳುವ ಯೋಚನೆ ಇದೆಯಾ ಅಂತ ನೇರವಾಗಿಯೇ ಕೇಳಿದೆ. ಇರಲಿಲ್ಲ. ಇದ್ದಿದ್ದರೆ ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಮೂರನೇ ಭೇಟಿಯಲ್ಲಿ ಸೋದರಮಾವನ ವಿಷಯ ಹೊರಬಂತು. ಮಾವನದು ಹೋಬಳಿ ಪೇಟೆಯಲ್ಲಿ ಮೆಡಿಕಲ್ ಸ್ಟೋರ್. ಪಕ್ಕದ ಮಳಿಗೆ ಖಾಲಿ ಇದೆ. "ಅಲ್ಲಿ ಹದಿನಾರು ಸಾವಿರಕ್ಕೆ ಬೈಸಿಕೊಳ್ಳೋ ಬದಲು ಇಲ್ಲೇ ಒಂದು ಕುರ್ಚಿ ಹಾಕು. ಹಲ್ಲು ಮಾಡೋನಿಗೆ ಹಾಕೋಕೆ ಬರಲ್ವೇನೋ?" ಅಡ್ವಾನ್ಸ್ ಕೂಡ ಮಾತಾಡಿಬಿಟ್ಟಿದ್ದರು. ಅಮ್ಮನಿಗೂ ಆಸೆ. ಮಗ ಊರಲ್ಲೇ ಇರ್ತಾನೆ, ಜನ ಡಾಕ್ಟ್ರು ಅಂತಾರೆ.

ತೀರ್ಮಾನ ಸಲಹೆಗೆ ಬಂದವರದೇ ಅಂತ ನಮಗೆ ಪಾಠದಲ್ಲಿ ಹೇಳಿಕೊಟ್ಟಿರುತ್ತಾರೆ. ನಾನು ಸಾಮಾನ್ಯವಾಗಿ ಹಾಗೇ ನಡೆದುಕೊಳ್ಳುತ್ತೇನೆ. ಇಲ್ಲಿ ಮಾತ್ರ ಸುತ್ತು ಬಳಸದೆ ಬೇಡ ಅಂದೆ. 1948ರ ದಂತವೈದ್ಯರ ಕಾಯ್ದೆಯ ಕಾಲದಿಂದಲೇ ಡಾಕ್ಟರು ಬೇರೆ, ಮೆಕ್ಯಾನಿಕ್ (ಇವರಂಥ ಲ್ಯಾಬ್ ಟೆಕ್ನಿಷಿಯನ್) ಬೇರೆ ಅಂತ ಗೆರೆ ಇದೆ. ಹಲ್ಲಿನ ಸೆಟ್ ಮಾಡೋದು, ರಿಪೇರಿ ಮಾಡೋದು ಮೆಕ್ಯಾನಿಕ್ ಕೆಲಸ. ಬಾಯಿಗೆ ಕೈ ಹಾಕಿ ಅಳತೆ ತೆಗೆಯೋದು, ಸೆಟ್ ಕೂರಿಸೋದು ಡಾಕ್ಟರ ಕೆಲಸ. ಕರ್ನಾಟಕದಲ್ಲಿ ಕ್ಲಿನಿಕ್ ತೆರೆಯಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯೂ ಬೇಕು. ಕಾನೂನು ಹೇಳಿದಾಗ ಅವರು "ನಮ್ಮ ಕಡೆ ಯಾರು ಬಂದು ಕೇಳ್ತಾರೆ ಮೇಡಂ" ಅಂದರು. ಅದೂ ಸುಳ್ಳಲ್ಲ.

ಆಗ ಬೇರೆ ರೀತಿ ಕೇಳಿದೆ. "ನಿಮ್ಮ ಕಡೆ ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಜಾಸ್ತಿ. ಒಬ್ಬ ಅಜ್ಜ ಬರ್ತಾರೆ, ಸೆಟ್ ಹಾಕು ಅಂತಾರೆ. ಕೆನ್ನೆ ಒಳಗೆ ಬಿಳಿ ಮಚ್ಚೆ ಇದೆ. ಅದು ಸುಮ್ನೆ ಉಜ್ಜಿದ ಗಾಯವೋ, ಕ್ಯಾನ್ಸರ್ ಶುರುವೋ, ನಿಮಗೆ ಗೊತ್ತಾಗುತ್ತಾ?" ಅವರು ಇಲ್ಲ ಅಂದರು. "ಗೊತ್ತಾಗದೆ ಅದರ ಪಕ್ಕದಲ್ಲೇ ಸೆಟ್ ಕೂರಿಸಿ ಕಳಿಸ್ತೀರಾ?" ಉತ್ತರ ಬರಲಿಲ್ಲ. ಮಾವನಿಗೆ ಏನು ಹೇಳಬೇಕು ಅಂತ ಅಲ್ಲೇ ಕೂತು ಎರಡು ಮೂರು ಸಲ ಹೇಳಿಸಿದೆ. ಕೊನೆಗೆ ಉಳಿದ ಮಾತು ಇಷ್ಟೇ: "ಮಾವ, ಡಾಕ್ಟರನ್ನ ಕರ್ಕೊಂಡು ಬಂದು ಕೂರಿಸು. ಹಿಂದಿನ ರೂಮಲ್ಲಿ ಲ್ಯಾಬ್ ನಾನು ಹಾಕ್ತೀನಿ."

ಬೆರಳಿನ ಬಿರುಕಿಗೆ ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಚರ್ಮಕ್ಕೆ ಪಟ್ಟಿ ಅಂಟಿಸಿ ಅಲರ್ಜಿ ನೋಡುವ ಪ್ಯಾಚ್ ಟೆಸ್ಟಿನಲ್ಲಿ, ಸೆಟ್ ಮಾಡುವಾಗ ಪುಡಿಗೆ ಕಲಸುವ ದ್ರವದ, ಅಂದರೆ ಮಾನೋಮರ್‌ನ, ಅಲರ್ಜಿ ಅಂತ ಬಂತು. ಮಾಮೂಲಿ ಗ್ಲೌಸಿನ ಮೂಲಕ ಅದು ಬೇಗ ಒಳಗೆ ಇಳಿಯುತ್ತದೆ. ಇವರು ಗ್ಲೌಸ್ ಹಾಕಿದ್ದೀನಲ್ಲ ಅಂತ ಧೈರ್ಯವಾಗಿ ಕೈಯಲ್ಲೇ ನಾದುತ್ತಿದ್ದರು. ಹಾಗಾಗಿ ಸೆಟ್ ಮಾಡುವ ಅಕ್ರಿಲಿಕ್ ಬೆಂಚ್ ಬಿಟ್ಟು ಡಿಸೈನ್ ವಿಭಾಗ ಕೇಳಲು ಚರ್ಮದ ಡಾಕ್ಟರ ಚೀಟಿಯೇ ಕಾರಣವಾಯಿತು. ನಾನು ಎಷ್ಟು ಸಲಹೆ ಕೊಟ್ಟಿದ್ದರೂ ಓನರ್ ಒಪ್ಪುತ್ತಿದ್ದರೋ ಇಲ್ಲವೋ.

ಇನ್ನುಳಿದದ್ದು ಸಣ್ಣ ಸಣ್ಣ ಕೆಲಸ. ಅಳತೆ ಬಂದ ತಕ್ಷಣ ಮೊಬೈಲಿನಲ್ಲಿ ಫೋಟೋ ತೆಗೆಯುವುದು. ಅಂಚು ಕಾಣದಿದ್ದರೆ ಕೆಲಸ ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ಕಳಿಸಿ ಕೇಳುವುದು. ಬಣ್ಣಕ್ಕೆ ಚೀಟಿಯಲ್ಲಿ ಬರೀ "ಎ2" ಅಂತ ಬಂದರೆ ಸಾಲದು, ಬಣ್ಣ ಹೋಲಿಸುವ ಶೇಡ್ ಪಟ್ಟಿಯ ಮಾದರಿ ಹಲ್ಲನ್ನು ಪೇಷೆಂಟಿನ ಹಲ್ಲಿನ ಪಕ್ಕ ಹಿಡಿದು ಕಿಟಕಿ ಬೆಳಕಿನಲ್ಲಿ ತೆಗೆದ ಫೋಟೋ ಕೇಳುವುದು. ಟ್ಯೂಬ್‌ಲೈಟಿನಲ್ಲಿ ನೋಡಿದ ಬಣ್ಣ ಹೊರಗೆ ಬಂದರೆ ಬೇರೆಯೇ ಕಾಣುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಹೋದದ್ದು ಎಷ್ಟು, ಬಂದದ್ದು ಎಷ್ಟು, ಯಾಕೆ ಬಂತು ಅಂತ ಬರೆಯುವುದು. ಟ್ರಂಕಿನಲ್ಲಿ ಬಿದ್ದಿದ್ದ ಡಿಪ್ಲೊಮಾ ತೆಗೆದು ರಾಜ್ಯ ದಂತ ಪರಿಷತ್ತಿನಲ್ಲಿ ಮೆಕ್ಯಾನಿಕ್ ಅಂತ ನೋಂದಾಯಿಸುವುದು. ಎರಡು ವರ್ಷದ ಈ ಕೋರ್ಸಿಗೆ ಸೇರಬೇಕು ಅಂತ ಪಿಯುಸಿ ಮಕ್ಕಳು ಬಂದರೆ ಈಗ ನಾನು ಮೊದಲು ಕೇಳೋದು ಇದನ್ನೇ: ಆ ಕಾಲೇಜಿನ ಕೋರ್ಸಿಗೆ ಮಾನ್ಯತೆ ಇದೆಯಾ, ನೋಂದಣಿ ಆಗುತ್ತಾ?

ಮತ್ತೊಂದು ಕೆಲಸ ಹೇಳಿದ್ದೆ. ನಿಮ್ಮ ಹಲ್ಲು ಕೂರಿಸುವಾಗ ಒಂದು ಸಲ ಆ ಕ್ಲಿನಿಕ್ಕಿಗೆ ಹೋಗಿ ನಿಂತು ನೋಡಿ ಅಂತ. ನಾಲ್ಕು ತಿಂಗಳಾದ ಮೇಲೆ ಫೋನಿನಲ್ಲಿ ಅದರ ಕಥೆ ಹೇಳಿದರು. ಡೆಲಿವರಿ ಹುಡುಗನ ಬೈಕಿನಲ್ಲಿ ಹೋಗಿದ್ದರಂತೆ. ಒಬ್ಬರು ಅಜ್ಜಿಗೆ ಪೂರ್ತಿ ಸೆಟ್. ಡಾಕ್ಟರು "ಸಾಸಿವೆ ಅನ್ನಿ" ಅಂದರಂತೆ. 'ಸ' ಸರಿಯಾಗಿ ಹೊರಡುತ್ತಾ ನೋಡೋಕೆ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಅಂದರಂತೆ. ಆಮೇಲೆ ಕನ್ನಡಿ ಕೊಟ್ಟಾಗ ಸೆರಗು ಬಿಟ್ಟು, ಮೂಲೆಯಲ್ಲಿ ನಿಂತಿದ್ದ ಇವರನ್ನು ನೋಡಿ "ಈ ಹುಡುಗ ಯಾರಪ್ಪಾ, ಏನ್ ಹೀಗೆ ನೋಡ್ತಾನೆ!" ಅಂತ ಬೈದರಂತೆ. ಹೇಳುತ್ತಾ ಹೇಳುತ್ತಾ ಮಂಜುನಾಥ ಜೋರಾಗಿ ನಕ್ಕರು.

ಓನರ್ ಈಗಲೂ ಕೂಗಾಡ್ತಾರಂತೆ. ನಿದ್ದೆ ವಾರದಲ್ಲಿ ಐದು ದಿನ ಚೆನ್ನಾಗಿ ಬರುತ್ತದೆ. ಮಾವ ಇನ್ನೂ ಮಾತು ಬಿಟ್ಟಿದ್ದಾರೆ. ಆ ಮಳಿಗೆಗೆ ಮೊಬೈಲ್ ರಿಪೇರಿಯವರು ಬಂದಿದ್ದಾರೆ.